ಹಲಾಲ್ ಎಂಬ ಫಲಕ ಮತ್ತು ಲೆಕ್ಕದ ಪುಸ್ತಕ

(ಚಿಕ್ಕಬಾಣಾವರದ ಕುಟುಂಬ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಶೇರು ಎಂದೊಡನೆ ನಮ್ಮಲ್ಲಿ ಕೆಲವರು ಅದನ್ನು ಜೂಜೆಂದು ತಳ್ಳಿಹಾಕುತ್ತಾರೆ. ಇನ್ನು ಕೆಲವರು ಬೇಗನೆ ಸಿರಿವಂತರಾಗುವ ದಾರಿಯೆಂದು ಅತ್ತ ಧಾವಿಸುತ್ತಾರೆ. ಇತಿಹಾಸ ಈ ಇಬ್ಬರಿಗೂ ಪಾಠ ಹೇಳುತ್ತದೆ.

ಶೇರೆಂದರೆ ವ್ಯಾಪಾರದಲ್ಲಿ ಪಾಲು. ಒಬ್ಬರ ಬಂಡವಾಳ, ಇನ್ನೊಬ್ಬರ ದುಡಿಮೆ ಎಂಬ ಏರ್ಪಾಡು ನಮಗೆ ಹೊಸದಲ್ಲ. ಪ್ರವಾದಿ ಮುಹಮ್ಮದ್(ಸ)ರು ಪ್ರವಾದಿತ್ವಕ್ಕೆ ಮುನ್ನ ಹಝ್ರತ್ ಖದೀಜಾ(ರ)ರ ಸರಕನ್ನು ಸಿರಿಯಾಕ್ಕೆ ಒಯ್ದು ವ್ಯಾಪಾರ ಮಾಡಿದ್ದರು. ಇಂತಹ ಪಾಲುದಾರಿಕೆಯನ್ನು ವಿದ್ವಾಂಸರು ಮುದಾರಬ ಎನ್ನುತ್ತಾರೆ. ಲಾಭದಲ್ಲಿ ಪಾಲು ಬಯಸುವ ಬಂಡವಾಳಗಾರ ನಷ್ಟಕ್ಕೂ ಸಿದ್ಧನಿರಬೇಕೆಂಬುದು ಅದರ ಜೀವಾಳ.

1945ರಲ್ಲಿ ಮಹಾರಾಷ್ಟ್ರದ ಅಮಲ್ನೇರ್‌ನಲ್ಲಿ ಮುಹಮ್ಮದ್ ಹಾಶಿಮ್ ಪ್ರೇಮ್‌ಜಿಯವರು ವನಸ್ಪತಿ ಎಣ್ಣೆಯ ಕಂಪೆನಿ ಸ್ಥಾಪಿಸಿದರು. ಆ ಊರಿನ ರೈತರೂ ಸಣ್ಣ ವರ್ತಕರೂ ಅದರ ಶೇರು ಕೊಂಡರು. ಆ ಕಂಪೆನಿಯೇ ಇಂದು ಬೆಂಗಳೂರಿನಲ್ಲಿ ನೆಲೆಸಿರುವ ವಿಪ್ರೊ. ಶೇರುಗಳನ್ನು ಮಾರದೆ ಮಕ್ಕಳಿಗೆ ಉಳಿಸಿದ ಕುಟುಂಬಗಳು ಸ್ಥಿತಿವಂತವಾದವು. 1993ರಲ್ಲಿ ಇನ್ಫೋಸಿಸ್ 95 ರೂಪಾಯಿಗೆ ಶೇರು ನೀಡಿದಾಗ ಅವೆಲ್ಲವನ್ನೂ ಕೊಳ್ಳುವಷ್ಟು ಜನರೇ ಮುಂದೆ ಬರಲಿಲ್ಲ. ಇಲ್ಲಿ ಫಲ ಕೊಟ್ಟದ್ದು ಉದ್ಯಮ ಮತ್ತು ತಾಳ್ಮೆ.

ಇನ್ನೊಂದು ಇತಿಹಾಸವೂ ಇದೆ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಹತ್ತಿಯ ಬೆಲೆ ಏರಿ ಮುಂಬೈಗೆ ಹಣ ಹರಿಯಿತು; ಜನರು ಶೇರುಗಳಿಗೆ ಮುಗಿಬಿದ್ದರು. 1865ರಲ್ಲಿ ಯುದ್ಧ ಮುಗಿದೊಡನೆ ಎಲ್ಲವೂ ಕುಸಿಯಿತು. 1992ರ ಹರ್ಷದ್ ಮೆಹ್ತಾ ಹಗರಣದಲ್ಲಿಯೂ ಬೆಲೆ ಏರುತ್ತಲೇ ಇರುತ್ತದೆಂದು ನಂಬಿದ ಸಾಮಾನ್ಯರು ನಷ್ಟ ಅನುಭವಿಸಿದರು. ಈಗ ಪೀಣ್ಯದಲ್ಲಿ ಪಾಳಿ ಮುಗಿಸಿದ ತರುಣನೂ ಮೊಬೈಲಿನಲ್ಲೇ 'ಆಪ್ಷನ್' ವಹಿವಾಟು ನಡೆಸಬಲ್ಲ. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ ವಹಿವಾಟಿಗಿಳಿದ ವ್ಯಕ್ತಿಗಳಲ್ಲಿ ಶೇ. 93ರಷ್ಟು ಮಂದಿ ಹಣ ಕಳೆದುಕೊಂಡರೆಂದು ಸೆಬಿ ಸಂಸ್ಥೆಯೇ 2024ರಲ್ಲಿ ಹೇಳಿದೆ. ಕುರ್‌ಆನ್ ನಿಷೇಧಿಸಿದ ಮೈಸಿರ್, ಅಂದರೆ ಜೂಜು, ಇದಕ್ಕಿಂತ ಎಷ್ಟು ದೂರ?

ಆದರೆ ನಮ್ಮ ಸಮುದಾಯದ ದೊಡ್ಡ ಗಾಯ ಶೇರು ಮಾರುಕಟ್ಟೆಯಿಂದ ಆದುದಲ್ಲ. ಬಡ್ಡಿಗೆ ಅಂಜಿ ಬ್ಯಾಂಕಿನಿಂದ ದೂರವಿದ್ದ ಸಾವಿರಾರು ಕುಟುಂಬಗಳು ಬೆಂಗಳೂರಿನ ಐಎಂಎ ಸಂಸ್ಥೆಯಲ್ಲಿ 'ಪಾಲುದಾರ'ರಾದವು. ಮಗಳ ಮದುವೆಯ ಹಣ, ಹಜ್ಜ್‌ಗೆ ಕೂಡಿಟ್ಟ ಹಣ ಅಲ್ಲಿ ಸೇರಿತು. 2019ರ ಜೂನ್‌ನಲ್ಲಿ ಸಂಸ್ಥೆ ಬಾಗಿಲು ಮುಚ್ಚಿತು. 40,000ಕ್ಕೂ ಹೆಚ್ಚು ದೂರುಗಳು ದಾಖಲಾದವು. ಲಂಚದ ಆರೋಪದಲ್ಲಿ ಕಂದಾಯ ಅಧಿಕಾರಿಗಳೂ ಬಂಧಿತರಾದರು. ಠೇವಣಿದಾರರ ರಕ್ಷಣೆಗೆಂದು 2004ರಲ್ಲೇ ಕಾಯ್ದೆ ಮಾಡಿದ್ದ ರಾಜ್ಯದಲ್ಲಿ ಆಡಳಿತ ಏಕೆ ಎಚ್ಚರಗೊಳ್ಳಲಿಲ್ಲವೆಂದು ಕೇಳುವುದು ನಮ್ಮ ಹಕ್ಕು. ಅದರೊಂದಿಗೆ ನಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಇದೆ: ನಷ್ಟವೇ ಇಲ್ಲದೆ ತಿಂಗಳು ತಿಂಗಳೂ ಲಾಭ ಬರುವುದಾದರೆ ಅದು ಪಾಲುದಾರಿಕೆಯೇ, ಬಡ್ಡಿಯ ಇನ್ನೊಂದು ಹೆಸರೇ?

ಕುರ್‌ಆನಿನ ಅತಿ ದೀರ್ಘ ಸೂಕ್ತ ಸಾಲದ ವ್ಯವಹಾರವನ್ನು ಬರೆದಿಡುವ, ಅದಕ್ಕೆ ಸಾಕ್ಷಿಗಳನ್ನು ನಿಲ್ಲಿಸುವ ಬಗ್ಗೆ ಇದೆ. ಗಡ್ಡವನ್ನೋ ಫಲಕವನ್ನೋ ನೋಡಿ ಹಣ ಕೊಡಿರೆಂದು ಅದು ಹೇಳಿಲ್ಲ. ಆದ್ದರಿಂದ ಹಣ ಕೊಡುವ ಮುನ್ನ ಕೇಳೋಣ: ಯಾವ ವ್ಯಾಪಾರ? ಲೆಕ್ಕ ತಪಾಸಣೆ ಮಾಡುವವರು ಯಾರು? ಯಾವ ಸರಕಾರಿ ಸಂಸ್ಥೆಯ ನಿಗಾ ಇದೆ? ನಷ್ಟ ಬಂದರೆ ಹೊರುವವರು ಯಾರು? ಮನೆಯ ಮಹಿಳೆಯರ ಮುಂದೆಯೂ ಈ ಉತ್ತರಗಳನ್ನಿಡೋಣ. ಕಳೆದ ಆಭರಣಗಳು ಹೆಚ್ಚಾಗಿ ಅವರವೇ. ಪ್ರಶ್ನಿಸುವುದು ಅವಿಶ್ವಾಸವಲ್ಲ, ಅಮಾನತ್ತಿನ ರಕ್ಷಣೆ. ಅಲ್ಲಾಹನು ನಮ್ಮ ಸಂಪಾದನೆಯನ್ನು ಶುದ್ಧವಾಗಿಡಲಿ, ಆಮೀನ್.