ಗಟ್ಟಿ, ನೀರು, ಗಾಳಿ





ಹಗಲೆಲ್ಲ ದುಡಿದು ದಣಿದು ಬಂದಿದ್ದೀರಿ. ಆದರೂ ಪಾಟಿ ಹಿಡಿದು ಕೂತಿದ್ದೀರಿ. ಅದಕ್ಕೆ ನಾವು ದೊಡ್ಡ ಭಾಷಣ ಮಾಡುವುದಿಲ್ಲ. ನಿಮ್ಮ ಅಡುಗೆ ಮನೆಯ ಮಾತನ್ನೇ ಆಡೋಣ.

ಮೊದಲು ಒಂದು ಪ್ರಶ್ನೆ. ಗ್ಯಾಸ್ ಸಿಲಿಂಡರನ್ನು ಅಲ್ಲಾಡಿಸಿ ನೋಡಿದ್ದೀರಾ? ಒಳಗೆ ಗುಳುಗುಳು ಸದ್ದು ಬರುತ್ತದೆ. ನೀರು ತುಂಬಿದ ಕೊಡದ ಹಾಗೆ. ಹೌದಲ್ವಾ? ಹೆಸರು ಗ್ಯಾಸ್, ಸದ್ದು ನೀರಿನದು. ಇದು ಹೇಗೆ? ಇದನ್ನು ತಿಳಿಯಲು ಸ್ವಲ್ಪ ಹಿಂದಿನಿಂದ ಬರಬೇಕು.

ಮೂರು ರೂಪ

ಲೋಕದಲ್ಲಿ ನಾವು ದಿನಾ ಮುಟ್ಟುವ ವಸ್ತುಗಳಿಗೆ ಮೂರು ರೂಪ. ಕಲ್ಲು, ಬೆಲ್ಲ, ಮಂಜುಗಡ್ಡೆ ಇವು ಘನ. ನೀರು, ಹಾಲು, ಎಣ್ಣೆ ಇವು ದ್ರವ. ಗಾಳಿ, ಆವಿ, ಒಲೆಯ ಗ್ಯಾಸು ಇವು ಅನಿಲ.

ಎಲ್ಲ ವಸ್ತುವೂ ಕಣ್ಣಿಗೆ ಕಾಣದ ಸಣ್ಣ ಸಣ್ಣ ಕಣಗಳಿಂದ ಆಗಿದೆ. ಈ ಕಣಗಳು ಹೇಗಿರುತ್ತವೆ ಅನ್ನುವುದರ ಮೇಲೆ ರೂಪ ನಿಲ್ಲುತ್ತದೆ.

ಈಗ ನೀವು ಒತ್ತೊತ್ತಾಗಿ ಕೂತಿದ್ದೀರಿ. ಕೂತಲ್ಲೇ ಸ್ವಲ್ಪ ಅಲುಗಾಡುತ್ತೀರಿ, ಜಾಗ ಬಿಡುವುದಿಲ್ಲ. ಘನದ ಕಣಗಳು ಹೀಗೆ. ಅದಕ್ಕೇ ಕಲ್ಲಿನ ಆಕಾರ ಬದಲಾಗುವುದಿಲ್ಲ.

ಸಂತೆಯ ದಿನ ಶಿವಮೊಗ್ಗದ ಗಾಂಧಿ ಬಜಾರಿಗೆ ಹೋಗಿ. ಜನ ಮೈಗೆ ಮೈ ತಾಗಿಸಿಕೊಂಡೇ ಹೋಗುತ್ತಾರೆ. ಆದರೆ ಒಬ್ಬರನ್ನು ದಾಟಿ ಒಬ್ಬರು ಮುಂದೆ ಸರಿಯುತ್ತಾರೆ. ದ್ರವದ ಕಣಗಳು ಹೀಗೆ. ಅದಕ್ಕೇ ನೀರು ಹರಿಯುತ್ತದೆ. ಚೊಂಬಿಗೆ ಹಾಕಿದರೆ ಚೊಂಬಿನ ಆಕಾರ, ತಟ್ಟೆಗೆ ಹಾಕಿದರೆ ತಟ್ಟೆಯ ಆಕಾರ.

ಶಾಲೆಯ ಗಂಟೆ ಹೊಡೆದಾಗ ಮಕ್ಕಳನ್ನು ನೋಡಿ. ಬಯಲಿನ ತುಂಬ ಓಟ. ಒಬ್ಬ ಆ ಮೂಲೆ, ಒಬ್ಬಳು ಈ ಮೂಲೆ. ಅನಿಲದ ಕಣಗಳು ಹೀಗೆ. ಎಷ್ಟು ಜಾಗ ಕೊಟ್ಟರೂ ಅಷ್ಟೂ ಜಾಗಕ್ಕೆ ಹರಡುತ್ತವೆ. ಒಂದು ಮನೆಯಲ್ಲಿ ಮೀನು ಹುರಿದರೆ ಮೂರು ಮನೆಗೆ ಗೊತ್ತಾಗುವುದು ಇದೇ ಕಾರಣಕ್ಕೆ.

ಶಾಖ ಕೊಟ್ಟರೆ, ಶಾಖ ತೆಗೆದರೆ

ಚಳಿಗಾಲದ ಬೆಳಿಗ್ಗೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಗಟ್ಟಿಯಾಗಿರುತ್ತದೆ. ಬಿಸಿಲಿಗೆ ಇಟ್ಟರೆ ಕರಗುತ್ತದೆ. ಎಣ್ಣೆ ಅದೇ, ರೂಪ ಮಾತ್ರ ಬೇರೆ. ಶಾಖ ಸಿಕ್ಕಿದರೆ ಕಣಗಳ ಕುಣಿತ ಜೋರಾಗುತ್ತದೆ. ಘನ ದ್ರವವಾಗುತ್ತದೆ, ದ್ರವ ಆವಿಯಾಗುತ್ತದೆ. ಶಾಖ ಹೋದರೆ ಅದೇ ದಾರಿಯಲ್ಲಿ ಹಿಂದಕ್ಕೆ.

ಅನ್ನದ ಪಾತ್ರೆಯ ಮುಚ್ಚಳ ತೆಗೆದರೆ ಒಳಗಡೆ ನೀರಿನ ಹನಿ ಕಾಣುತ್ತದೆ. ಆವಿ ಮುಚ್ಚಳಕ್ಕೆ ತಾಗಿ ತಣ್ಣಗಾಗಿ ಮತ್ತೆ ನೀರಾಗಿದೆ. ಆಲೆಮನೆಯಲ್ಲಿ ಕಬ್ಬಿನ ಹಾಲು ಕಾಯಿಸುತ್ತಾರೆ. ನೀರಿನಂಶ ಆವಿಯಾಗಿ ಹೋಗುತ್ತದೆ. ಉಳಿದ ಪಾಕವನ್ನು ಅಚ್ಚಿಗೆ ಹಾಕಿದರೆ ತಣಿದು ಬೆಲ್ಲವಾಗುತ್ತದೆ. ಬೇಯಿಸಿದ ಅಡಿಕೆ ಅಂಗಳದಲ್ಲಿ ಒಣಗುವುದೂ ನೀರು ಆವಿಯಾಗುವುದರಿಂದಲೇ.

ಕೆಲವು ವಸ್ತು ನಡುವಿನ ಮೆಟ್ಟಿಲನ್ನೇ ಬಿಟ್ಟು ಹಾರುತ್ತವೆ. ಡಬ್ಬಿಯ ಮುಚ್ಚಳ ಸರಿಯಾಗಿ ಹಾಕದಿದ್ದರೆ ಕರ್ಪೂರ ಸವೆದು ಹೋಗುತ್ತದೆ. ಕದ್ದವರು ಯಾರೂ ಇಲ್ಲ. ಅದು ಕರಗಿ ನೀರಾಗದೆ ನೇರವಾಗಿ ಆವಿಯಾಗುತ್ತದೆ.

ಇಲ್ಲಿ ದುಡ್ಡು ಉಳಿಸುವ ಮಾತೊಂದಿದೆ. ನೀರು ಸಮುದ್ರದ ಮಟ್ಟದಲ್ಲಿ 100 ಡಿಗ್ರಿಗೆ ಕುದಿಯುತ್ತದೆ. ನಮ್ಮ ಶಿವಮೊಗ್ಗ ಸಮುದ್ರಕ್ಕಿಂತ ಸುಮಾರು 570 ಮೀಟರ್ ಎತ್ತರದಲ್ಲಿದೆ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಕಡಿಮೆ. ಅದಕ್ಕೆ ಇಲ್ಲಿ ಸುಮಾರು 98 ಡಿಗ್ರಿಗೇ ಕುದಿ ಬರುತ್ತದೆ. ಒಮ್ಮೆ ಕುದಿ ಬಂದ ಮೇಲೆ ಉರಿ ಎಷ್ಟು ಜೋರು ಮಾಡಿದರೂ ನೀರಿನ ಬಿಸಿ ಏರುವುದಿಲ್ಲ. ಹೆಚ್ಚಿನ ಶಾಖವೆಲ್ಲ ನೀರನ್ನು ಆವಿ ಮಾಡಲು ಹೋಗುತ್ತದೆ. ಬೇಳೆ ಬೇಗ ಬೇಯುವುದಿಲ್ಲ, ಗ್ಯಾಸು ಮಾತ್ರ ಬೇಗ ಖಾಲಿ. ಕುದಿ ಬಂದ ಕೂಡಲೆ ಉರಿ ಸಣ್ಣ ಮಾಡಿ, ಮುಚ್ಚಳ ಮುಚ್ಚಿ.

ಬೆಂಕಿಪುರದ ಪಾಠ

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಆ ಹೆಸರಿಗೆ ತಕ್ಕ ಕೆಲಸವೂ ಅಲ್ಲಿ ನಡೆಯಿತು. ಸರ್ ಎಂ. ವಿಶ್ವೇಶ್ವರಯ್ಯನವರ ಯೋಚನೆಯಂತೆ 1918ರಲ್ಲಿ ಮೈಸೂರು ಸಂಸ್ಥಾನ ಅಲ್ಲಿ ಕಾರ್ಖಾನೆ ಶುರು ಮಾಡಿತು. 1923ರಲ್ಲಿ ಕಬ್ಬಿಣ ತಯಾರಿಕೆ ಆರಂಭವಾಯಿತು. ಇಂದು ಅದಕ್ಕೆ ವಿಶ್ವೇಶ್ವರಯ್ಯನವರದೇ ಹೆಸರಿದೆ.

ಮೊದಲ ಹೆಸರು ಏನು ಗೊತ್ತೇ? ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್. ಅಂದರೆ ಮರವನ್ನು ಭಟ್ಟಿ ಇಳಿಸುವ ಮತ್ತು ಕಬ್ಬಿಣ ಮಾಡುವ ಕಾರ್ಖಾನೆ. ಗಾಳಿ ಸೇರದ ಹಾಗೆ ಮುಚ್ಚಿ ಮರವನ್ನು ಕಾಯಿಸುತ್ತಿದ್ದರು. ಮರದೊಳಗಿನ ಅಂಶಗಳು ಆವಿಯಾಗಿ ಹೊರಗೆ ಬರುತ್ತಿದ್ದವು. ಆ ಆವಿಯನ್ನು ತಣಿಸಿದರೆ ದ್ರವ ಸಿಗುತ್ತಿತ್ತು. ನಿಮ್ಮ ಅನ್ನದ ಪಾತ್ರೆಯ ಮುಚ್ಚಳದಲ್ಲಿ ಆಗುವುದೇ ಅಲ್ಲಿ ದೊಡ್ಡದಾಗಿ ಆಗುತ್ತಿತ್ತು. ಉಳಿದದ್ದು ಇದ್ದಿಲು.

ಕೆಮ್ಮಣ್ಣುಗುಂಡಿಯಿಂದ ಅದಿರು ಬರುತ್ತಿತ್ತು. ಇದ್ದಿಲನ್ನೂ ಅದಿರನ್ನೂ ಕುಲುಮೆಗೆ ಹಾಕಿ ಬಿಸಿ ಗಾಳಿ ಊದುತ್ತಿದ್ದರು. ಅಪ್ಪಟ ಕಬ್ಬಿಣ ಕರಗಲು ಸುಮಾರು 1,538 ಡಿಗ್ರಿ ಶಾಖ ಬೇಕು. ಇದ್ದಿಲಿನ ಇಂಗಾಲ ಸೇರಿದರೆ ಅದಕ್ಕಿಂತ ಕಡಿಮೆ ಶಾಖಕ್ಕೇ ಕರಗುತ್ತದೆ. ಕರಗಿದ ಕಬ್ಬಿಣ ಕೆಂಪಗೆ ಹರಿದು ಬರುತ್ತದೆ. ಅಚ್ಚಿನಲ್ಲಿ ತಣಿದರೆ ಮತ್ತೆ ಗಟ್ಟಿ. ಬೆಲ್ಲದ ಕಥೆಯೂ ಕಬ್ಬಿಣದ ಕಥೆಯೂ ಕೊನೆಯಲ್ಲಿ ಒಂದೇ ನೋಡಿ.

ಆ ಕುಲುಮೆಯಲ್ಲಿ ಇದ್ದಿಲು ಉರಿದಾಗ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಿರಿನಿಂದ ಕಬ್ಬಿಣವನ್ನು ಬಿಡಿಸುವುದು ಅದೇ. ಕುಲುಮೆಯಲ್ಲಿ ಅದು ಕೆಲಸಗಾರ, ಮನೆಯಲ್ಲಿ ಅದು ಯಮ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ.

ಮಲೆನಾಡಿನ ಮಳೆಗಾಲ ನಿಮಗೆ ಗೊತ್ತೇ ಇದೆ. ಬಾಣಂತಿ ಮಗುವಿಗೆ ಥಂಡಿ ಆಗಬಾರದೆಂದು ಕೋಣೆಯಲ್ಲಿ ಅಗ್ಗಿಷ್ಟಿಕೆ ಇಡುತ್ತಾರೆ. ಕಿಟಕಿ, ಬಾಗಿಲು ಮುಚ್ಚುತ್ತಾರೆ. ಕೆಂಡದಿಂದ ಅದೇ ಅನಿಲ ಬರುತ್ತದೆ. ಹೊಗೆ ಕಾಣದಿದ್ದರೂ ಬರುತ್ತದೆ. ತಲೆ ನೋವು, ತಲೆ ಸುತ್ತು, ವಾಂತಿ, ಆಮೇಲೆ ನಿದ್ದೆಯ ಹಾಗೆ ಮಂಪರು. ಮಲಗಿದವರು ಏಳದೇ ಹೋಗಬಹುದು. ಆದ್ದರಿಂದ ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟು ಮಲಗಲೇಬಾರದು. ಮಗುವಿಗೆ ಬೆಚ್ಚನೆಯ ಬಟ್ಟೆ ಹೊದಿಸಿ, ತಾಯಿಯ ಮೈಗೆ ಅಪ್ಪಿಸಿ. ಅದು ಸಾಕು.

ಅನಿಲದ ಸ್ವಭಾವ

ಅನಿಲವನ್ನು ಒತ್ತಿ ಚಿಕ್ಕ ಜಾಗಕ್ಕೆ ತುಂಬಬಹುದು. ಸೈಕಲ್ ಟ್ಯೂಬಿಗೆ ಪಂಪು ಹೊಡೆಯುವಾಗ ಮಾಡುವುದು ಇದೇ. ಒಳಗಿನ ಕಣಗಳು ಗೋಡೆಗೆ ಡಿಕ್ಕಿ ಹೊಡೆಯುತ್ತಲೇ ಇರುತ್ತವೆ. ಇದೇ ಒತ್ತಡ. ಬಿಸಿ ಏರಿದರೆ ಡಿಕ್ಕಿ ಜೋರಾಗುತ್ತದೆ. ಗಟ್ಟಿಯಾಗಿ ಗಾಳಿ ತುಂಬಿದ ಸೈಕಲನ್ನು ಬಿಸಿಲಿನಲ್ಲಿ ಬಿಟ್ಟರೆ ಒಮ್ಮೊಮ್ಮೆ ಟ್ಯೂಬು ಒಡೆಯುವುದು ಇದರಿಂದ.

ಕುಕ್ಕರಿನಲ್ಲೂ ಇದೇ ಕೆಲಸ. ಒಂದು ಲೀಟರ್ ನೀರು ಪೂರ್ತಿ ಆವಿಯಾದರೆ 1,600 ಲೀಟರಿಗೂ ಹೆಚ್ಚು ಜಾಗ ಬೇಡುತ್ತದೆ. ಕುಕ್ಕರಿನಲ್ಲಿ ಆ ಜಾಗ ಇಲ್ಲ. ಒತ್ತಡ ಏರುತ್ತದೆ. ಒತ್ತಡ ಏರಿದರೆ ನೀರು ಸುಮಾರು 120 ಡಿಗ್ರಿಗೆ ಕುದಿಯುತ್ತದೆ. ಅದಕ್ಕೆ ಬೇಳೆ ಬೇಗ ಬೇಯುತ್ತದೆ. ಹೆಚ್ಚಿನ ಆವಿ ಸೀಟಿಯ ಜೊತೆ ಹೊರಗೆ ಹೋಗುತ್ತದೆ. ಸೀಟಿಯ ತೂತಿಗೆ ಬೇಳೆ ಕಟ್ಟಿಕೊಂಡರೆ ಅಪಾಯ. ಪ್ರತಿ ಸಲ ತೂತನ್ನು ಬೆಳಕಿಗೆ ಹಿಡಿದು ನೋಡಿ. ಒತ್ತಡ ಇಳಿಯುವ ಮೊದಲು ಮುಚ್ಚಳ ಎಳೆಯಬೇಡಿ.

ಸಿಲಿಂಡರಿನ ಒಳಗೆ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಅಡುಗೆ ಅನಿಲದಲ್ಲಿ ಮುಖ್ಯವಾಗಿ ಪ್ರೊಪೇನ್, ಬ್ಯುಟೇನ್ ಇರುತ್ತವೆ. ಇವನ್ನು ಒತ್ತಿದರೆ ದ್ರವವಾಗುತ್ತವೆ. ಗುಳುಗುಳು ಅನ್ನುವುದು ಆ ದ್ರವ. ಅದರ ಮೇಲಿನ ಖಾಲಿ ಜಾಗದಲ್ಲಿ ಅನಿಲ ಇರುತ್ತದೆ. ಕೀಲಿ ತಿರುಗಿಸಿದರೆ ಮೇಲಿನ ಅನಿಲ ಒಲೆಗೆ ಬರುತ್ತದೆ. ಕೆಳಗಿನ ದ್ರವ ಆವಿಯಾಗಿ ಆ ಜಾಗ ತುಂಬುತ್ತದೆ. ಸಿಲಿಂಡರನ್ನು ಮಲಗಿಸಿದರೆ ದ್ರವವೇ ನಳಿಗೆಗೆ ಬರುತ್ತದೆ. ಅದಕ್ಕೇ ಯಾವಾಗಲೂ ನಿಲ್ಲಿಸಿಯೇ ಇಡಬೇಕು.

ಒಂದು ಲೋಟ ದ್ರವ ಹೊರಗೆ ಬಂದರೆ ಸುಮಾರು 250 ಲೋಟ ಅನಿಲವಾಗುತ್ತದೆ. ಇದು ಗಾಳಿಗಿಂತ ಭಾರ. ಸೋರಿದರೆ ಮೇಲಕ್ಕೆ ಹೋಗುವುದಿಲ್ಲ. ನೆಲದ ಮೇಲೆ, ಮಂಚದ ಕೆಳಗೆ, ಮೂಲೆಯಲ್ಲಿ ತಂಗುತ್ತದೆ. ಒಂದು ಕಿಡಿ ತಾಗಿದರೆ ಮನೆಯೇ ಹೋದೀತು. ಅನಿಲಕ್ಕೆ ತನ್ನದೇ ಗಟ್ಟಿ ವಾಸನೆ ಇಲ್ಲ. ನಮ್ಮನ್ನು ಎಚ್ಚರಿಸಲೆಂದೇ ಕೆಟ್ಟ ವಾಸನೆಯ ವಸ್ತು ಬೆರೆಸಿರುತ್ತಾರೆ.

ವಾಸನೆ ಬಂದರೆ ಏನು ಮಾಡಬೇಕು?

ದೀಪ, ಊದುಬತ್ತಿ, ಒಲೆ ಎಲ್ಲ ಆರಿಸಿ. ರೆಗ್ಯುಲೇಟರ್ ಬಂದ್ ಮಾಡಿ. ಕಿಟಕಿ, ಬಾಗಿಲು ತೆರೆಯಿರಿ. ಲೈಟಿನ ಸ್ವಿಚ್ ಹಾಕಲೂ ಬೇಡಿ, ಆರಿಸಲೂ ಬೇಡಿ. ಸ್ವಿಚ್ಚಿನಲ್ಲಿ ಸಣ್ಣ ಕಿಡಿ ಹುಟ್ಟುತ್ತದೆ. ಫ್ಯಾನು ಹಾಕಬೇಡಿ. ಮನೆಯವರೆಲ್ಲ ಹೊರಗೆ ಬನ್ನಿ. ಹೊರಗೆ ಬಂದ ಮೇಲೆ ಫೋನಿನಲ್ಲಿ 1906ಕ್ಕೆ ಕರೆ ಮಾಡಿ. ಎಲ್ಲಿ ಸೋರುತ್ತಿದೆ ಎಂದು ಬೆಂಕಿಕಡ್ಡಿ ಗೀರಿ ನೋಡುವುದು ಪ್ರಾಣಕ್ಕೆ ಎರವು. ಸೋಪಿನ ನೊರೆ ಹಚ್ಚಿ ನೋಡಬೇಕು. ಗುಳ್ಳೆ ಎದ್ದರೆ ಅಲ್ಲೇ ಸೋರಿಕೆ.

ಅಕ್ಷರ ಕಾಯುತ್ತದೆ

ಈಗ ನೀವು ಕಲಿತ ಅಂಕಿ ಅಕ್ಷರಗಳಿಗೆ ಕೆಲಸ ಕೊಡೋಣ.

ಸಿಲಿಂಡರಿನ ಮೇಲ್ಗಡೆ, ಹಿಡಿಯನ್ನು ಹೊತ್ತ ಪಟ್ಟಿಗಳ ಒಳಗಡೆ ಒಂದು ಇಂಗ್ಲಿಷ್ ಅಕ್ಷರ, ಎರಡು ಅಂಕಿ ಬರೆದಿರುತ್ತದೆ. ಎ ಅಂದರೆ ಜನವರಿಯಿಂದ ಮಾರ್ಚ್. ಬಿ ಅಂದರೆ ಏಪ್ರಿಲ್‌ನಿಂದ ಜೂನ್. ಸಿ ಅಂದರೆ ಜುಲೈಯಿಂದ ಸೆಪ್ಟೆಂಬರ್. ಡಿ ಅಂದರೆ ಅಕ್ಟೋಬರ್‌ನಿಂದ ಡಿಸೆಂಬರ್. ಅಂಕಿ ಇಸವಿಯನ್ನು ಹೇಳುತ್ತದೆ. ಬಿ 28 ಎಂದಿದ್ದರೆ ಆ ಸಿಲಿಂಡರನ್ನು 2028ರ ಜೂನ್ ಮುಗಿಯುವುದರೊಳಗೆ ಮತ್ತೆ ಪರೀಕ್ಷೆ ಮಾಡಬೇಕು. ಆ ದಿನ ದಾಟಿದ್ದರೆ ಸಿಲಿಂಡರ್ ತೆಗೆದುಕೊಳ್ಳಬೇಡಿ. ಬೇರೆ ಕೊಡಿ ಎಂದು ಕೇಳಿ.

ಖಾಲಿ ಸಿಲಿಂಡರಿನ ತೂಕವನ್ನೂ ಅದರ ಮೇಲೆಯೇ ಬರೆದಿರುತ್ತಾರೆ. ಮನೆ ಬಳಕೆಯ ದೊಡ್ಡ ಸಿಲಿಂಡರಿನಲ್ಲಿ 14.2 ಕಿಲೋ ಅನಿಲ ಇರಬೇಕು. ಖಾಲಿ ತೂಕ 15.3 ಕಿಲೋ ಎಂದಿಟ್ಟುಕೊಳ್ಳಿ. ಕೂಡಿಸಿ ನೋಡಿ. 29.5 ಕಿಲೋ ತೂಗಬೇಕು. ತಂದುಕೊಟ್ಟವರಿಗೆ, "ಅಣ್ಣಾ, ಒಂದು ಸಲ ತೂಗಿ ತೋರಿಸಿ" ಎಂದು ಕೇಳಿ. ಕೇಳುವುದು ಜಗಳವಲ್ಲ, ನಿಮ್ಮ ಹಕ್ಕು.

ಇಷ್ಟು ದಿನ ಆ ಅಕ್ಷರ, ಆ ಅಂಕಿ ನಿಮ್ಮ ಅಡುಗೆ ಮನೆಯಲ್ಲೇ ಇತ್ತು. ಅದರ ಮಾತು ಕೇಳುತ್ತಿರಲಿಲ್ಲ. ಈಗ ಕೇಳುತ್ತದೆ. ಓದು ಬಂದರೆ ಏನು ಲಾಭ ಎಂದು ಯಾರಾದರೂ ಕೇಳಿದರೆ ಅವರನ್ನು ಒಳಗೆ ಕರೆಯಿರಿ. ಸಿಲಿಂಡರಿನ ಮೇಲಿನ ಬರಹ ಓದಿ ತೋರಿಸಿ.

ನೆನಪಿಡಿ

ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿ.
ಮುಚ್ಚಿದ ಕೋಣೆಯಲ್ಲಿ ಕೆಂಡ ಬೇಡ.
ಸಿಲಿಂಡರ್ ನಿಂತಿರಲಿ, ಒಲೆ ಅದಕ್ಕಿಂತ ಎತ್ತರದಲ್ಲಿರಲಿ.
ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ. ಹೊರಗೆ ಬಂದು 1906ಕ್ಕೆ ಕರೆ ಮಾಡಿ.

ಇವತ್ತು ಮನೆಗೆ ಹೋದ ಕೂಡಲೆ ನಿಮ್ಮ ಸಿಲಿಂಡರಿನ ಅಕ್ಷರ, ಅಂಕಿ ನೋಡಿ ಪಾಟಿಯ ಮೇಲೆ ಬರೆದುಕೊಳ್ಳಿ. ನಾಳೆ ತನ್ನಿ. ಎಲ್ಲರೂ ಸೇರಿ ಓದೋಣ.