ತೆಂಗಿನಕಾಯಿ ಗುರುತಿನ ಪಕ್ಷ: ಹದಿಮೂರು ತಿಂಗಳ ಕಥೆ

(ಖಟಕ ಚಿಂಚೋಳಿಯಲ್ಲಿ ನೀಡಿದ ಉಪನ್ಯಾಸದ ಪಾಠ)



2013ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಮೂರು ಕ್ಷೇತ್ರಗಳು ಮೂರು ಬಗೆಯ ತೀರ್ಪು ಕೊಟ್ಟವು. ಭಾಲ್ಕಿ ಕಾಂಗ್ರೆಸ್ಸಿನ ಈಶ್ವರ ಖಂಡ್ರೆಯವರನ್ನು ಆರಿಸಿತು. ಔರಾದ್ ಭಾರತೀಯ ಜನತಾ ಪಕ್ಷದ ಪ್ರಭು ಚವ್ಹಾಣರನ್ನು ಆರಿಸಿತು. ಬೀದರ್ ಮಾತ್ರ ಕರ್ನಾಟಕ ಜನತಾ ಪಕ್ಷದ ಗುರುಪಾದಪ್ಪ ನಾಗಮಾರಪಳ್ಳಿಯವರನ್ನು ವಿಧಾನಸಭೆಗೆ ಕಳುಹಿಸಿತು. ಮರುವರ್ಷ ಜನವರಿಯ ಹೊತ್ತಿಗೆ ಆ ಪಕ್ಷವನ್ನು ಕಟ್ಟಿದ ನಾಯಕರೇ ಅದನ್ನು ಬಿಟ್ಟು ಹಳೆಯ ಮನೆಗೆ ಮರಳಿದ್ದರು. ಹಾಗಾದರೆ ತೆಂಗಿನಕಾಯಿ ಗುರುತಿಗೆ ಬಿದ್ದ ಮತ ಎಲ್ಲಿಗೆ ಹೋಯಿತು? ಇಂದಿನ ಮಾತಿನ ವಿಷಯ ಇದೇ.

ಬಿ.ಎಸ್. ಯಡಿಯೂರಪ್ಪನವರು 2008ರಲ್ಲಿ ದಕ್ಷಿಣ ಭಾರತದ ಮೊದಲ ಬಿಜೆಪಿ ಸರ್ಕಾರದ ಮುಖ್ಯಮಂತ್ರಿಯಾದವರು. ಅಕ್ರಮ ಗಣಿಗಾರಿಕೆ ಕುರಿತ ಲೋಕಾಯುಕ್ತ ವರದಿಯ ನಂತರ 2011ರ ಜುಲೈ ಕೊನೆಗೆ ರಾಜೀನಾಮೆ ಕೊಡಬೇಕಾಯಿತು. ಒಂದೂವರೆ ವರ್ಷದ ಒಳಜಗಳದ ಬಳಿಕ 2012ರ ನವೆಂಬರ್ 30ರಂದು ಪಕ್ಷ ಬಿಟ್ಟರು. ಡಿಸೆಂಬರ್ 9ರಂದು ಹಾವೇರಿಯ ಬೃಹತ್ ಸಮಾವೇಶದಲ್ಲಿ ಕರ್ನಾಟಕ ಜನತಾ ಪಕ್ಷ ವಿಧ್ಯುಕ್ತವಾಗಿ ಆರಂಭವಾಯಿತು. ಹೆಸರು ಹೊಸದಾಗಿ ಹುಟ್ಟಿದ್ದಲ್ಲ. ಪದ್ಮನಾಭ ಪ್ರಸನ್ನ ಎಂಬವರು ಮೊದಲೇ ನೋಂದಾಯಿಸಿದ್ದ ಪಕ್ಷವದು. ಚುನಾವಣೆಗೆ ಉಳಿದಿದ್ದುದು ಐದೇ ತಿಂಗಳು.

ಫಲಿತಾಂಶದ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ರಾಜ್ಯದಲ್ಲಿ ಆ ಪಕ್ಷಕ್ಕೆ ಬಿದ್ದ ಮತ ಸುಮಾರು ಶೇ 10. ದೊರೆತ ಸ್ಥಾನ 224ರಲ್ಲಿ ಬರೀ ಆರು: ಶಿಕಾರಿಪುರ, ಹಿರೇಕೆರೂರು, ಬೈಲಹೊಂಗಲ, ಬೀದರ್, ಆಳಂದ, ಶಹಾಪುರ. ಮತಕ್ಕೆ ತಕ್ಕ ಪಾಲು ಸಿಕ್ಕಿದ್ದರೆ ಇಪ್ಪತ್ತಕ್ಕೂ ಹೆಚ್ಚು ಸ್ಥಾನ ಬರಬೇಕಿತ್ತು. ನಮ್ಮ ಪದ್ಧತಿಯಲ್ಲಿ ಒಂದು ಕ್ಷೇತ್ರಕ್ಕೆ ಒಬ್ಬನೇ ಶಾಸಕ. ಎಲ್ಲೆಡೆ ಚದುರಿದ ಮತಕ್ಕೆ ಬೆಲೆ ಕಡಿಮೆ. ಆದರೆ ಗೆಲ್ಲಲಾಗದ ಪಕ್ಷಕ್ಕೂ ಸೋಲಿಸುವ ಶಕ್ತಿ ಇರುತ್ತದೆ. 2008ರಲ್ಲಿ 110 ಸ್ಥಾನ ಪಡೆದಿದ್ದ ಬಿಜೆಪಿ 40ಕ್ಕೆ ಇಳಿಯಿತು. ಕಾಂಗ್ರೆಸ್ ಸುಮಾರು ಶೇ 37ರಷ್ಟು ಮತದಲ್ಲೇ 122 ಸ್ಥಾನ ಗಳಿಸಿ ಸರ್ಕಾರ ರಚಿಸಿತು.

ಆರರಲ್ಲಿ ಮೂರು ಸ್ಥಾನ ಆಗಿನ ಹೈದರಾಬಾದ್ ಕರ್ನಾಟಕದಲ್ಲಿ ಬಂದದ್ದು ಗಮನಾರ್ಹ. ನಾಗಮಾರಪಳ್ಳಿಯವರು ಸಹಕಾರ ಕ್ಷೇತ್ರದಲ್ಲಿ ಬೇರು ಬಿಟ್ಟಿದ್ದ ಹಿರಿಯರು. 2009ರ ಲೋಕಸಭಾ ಚುನಾವಣೆಯಲ್ಲಿ ಬಿಜೆಪಿಯಿಂದ ನಿಂತು ಧರ್ಮಸಿಂಗ್ ಅವರೆದುರು ಸೋತಿದ್ದವರು. ಆಳಂದದ ಬಿ.ಆರ್. ಪಾಟೀಲರು ಜನತಾ ಪರಿವಾರದ ಹಿನ್ನೆಲೆಯವರು. ಇಂಥವರಿಗೆ ಬಿದ್ದ ಮತದಲ್ಲಿ ಪಕ್ಷದ ಪಾಲೆಷ್ಟು, ವ್ಯಕ್ತಿಯ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ.

ಇಂಥ ಪ್ರಯೋಗ ಕರ್ನಾಟಕಕ್ಕೆ ಹೊಸದೇನಲ್ಲ. ದೇವರಾಜ ಅರಸರು ತಮ್ಮ ಕೊನೆಯ ದಿನಗಳಲ್ಲಿ ಕಟ್ಟಿದ ಕ್ರಾಂತಿರಂಗ, ಅವರು ತೀರಿಕೊಂಡ ಮೇಲೆ, 1983ರಲ್ಲಿ ಜನತಾ ಪಕ್ಷದ ಜೊತೆಗೂಡಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರಕ್ಕೆ ದಾರಿ ಮಾಡಿತು. ಬಂಗಾರಪ್ಪನವರ ಕರ್ನಾಟಕ ಕಾಂಗ್ರೆಸ್ ಪಕ್ಷ 1994ರಲ್ಲಿ 10 ಸ್ಥಾನ ಗೆದ್ದಿತು. ರಾಮಕೃಷ್ಣ ಹೆಗಡೆಯವರ ಲೋಕಶಕ್ತಿ 1998ರಲ್ಲಿ ಬಿಜೆಪಿಯೊಡನೆ ಸೇರಿ ಲೋಕಸಭೆಯ ಮೂರು ಸ್ಥಾನ ಪಡೆಯಿತು. ಇವು ಯಾವುವೂ ಹೆಚ್ಚು ಕಾಲ ಬಾಳಲಿಲ್ಲ.

ದೂರದ ಜಪಾನಿನ ಉದಾಹರಣೆಯೊಂದನ್ನು ಇಲ್ಲಿ ಪಕ್ಕಕ್ಕಿಟ್ಟು ನೋಡಬಹುದು. ಮೊರಿಹಿರೊ ಹೊಸೊಕಾವಾ 1992ರಲ್ಲಿ ‘ಜಪಾನ್ ಹೊಸ ಪಕ್ಷ’ ಕಟ್ಟಿದರು. ಮರುವರ್ಷ ಸುಮಾರು ಶೇ 8ರಷ್ಟು ಮತಕ್ಕೆ 511ರಲ್ಲಿ 35 ಸ್ಥಾನ ಬಂದವು. ಆಗ ಅಲ್ಲಿ ಒಂದು ಕ್ಷೇತ್ರದಿಂದ ಹಲವರು ಆರಿಸಿಬರುತ್ತಿದ್ದುದರಿಂದ ಚಿಕ್ಕ ಪಕ್ಷಕ್ಕೂ ಜಾಗವಿತ್ತು. 1955ರಿಂದ ಆಳಿದ್ದ ಪಕ್ಷವನ್ನು ಕೆಳಗಿಳಿಸಿದ ಮೈತ್ರಿಕೂಟಕ್ಕೆ ಹೊಸೊಕಾವಾ ಅವರೇ ಪ್ರಧಾನಿಯಾದರು. 1994ರ ಏಪ್ರಿಲಿನಲ್ಲಿ ರಾಜೀನಾಮೆ ಕೊಟ್ಟರು. ಡಿಸೆಂಬರಿನಲ್ಲಿ ಪಕ್ಷವೂ ಇನ್ನೊಂದರಲ್ಲಿ ಕರಗಿತು. ಆದರೆ ಅಷ್ಟರೊಳಗೆ ದೇಶದ ಚುನಾವಣಾ ಪದ್ಧತಿಯನ್ನೇ ಬದಲಿಸುವ ಕಾನೂನು ಆಗಿತ್ತು. ಪಕ್ಷ ಹೋಯಿತು, ಕೆಲಸ ಉಳಿಯಿತು.

ನಮ್ಮ ತೆಂಗಿನಕಾಯಿ ಪಕ್ಷದ ಬಗ್ಗೆ ಹಾಗೆ ಹೇಳುವುದು ಕಷ್ಟ. ಅದರ ಮುಖ್ಯ ಪರಿಣಾಮ ಬೇರೆ ಪಕ್ಷಗಳ ಮೇಲೇ ಆಯಿತು. ಒಡೆದರೆ ಇಬ್ಬರೂ ಸೋಲುತ್ತೇವೆಂಬುದು ಎರಡೂ ಕಡೆಯವರಿಗೆ ಮನದಟ್ಟಾಯಿತು. 2014ರ ಜನವರಿಯಲ್ಲಿ ಯಡಿಯೂರಪ್ಪನವರು ಬಿಜೆಪಿಗೆ ಮರಳಿದರು. ಆ ವರ್ಷದ ಲೋಕಸಭಾ ಚುನಾವಣೆಯಲ್ಲಿ ಬಿಜೆಪಿ ರಾಜ್ಯದ 28ರಲ್ಲಿ 17 ಸ್ಥಾನ ಗೆದ್ದಿತು. ಬೀದರಿನಲ್ಲಿ ಭಗವಂತ ಖೂಬಾ ಅವರು ಧರ್ಮಸಿಂಗ್ ಅವರನ್ನು ಸೋಲಿಸಿದರು. 2015ರಲ್ಲಿ ನಾಗಮಾರಪಳ್ಳಿಯವರು ನಿಧನರಾದರು. 2016ರ ಉಪಚುನಾವಣೆಯಲ್ಲಿ ಬೀದರ್ ವಿಧಾನಸಭಾ ಸ್ಥಾನ ಕಾಂಗ್ರೆಸ್ಸಿನ ರಹೀಂ ಖಾನ್ ಅವರ ಪಾಲಾಯಿತು.

ಸಂವಿಧಾನದ ಹತ್ತನೆಯ ಅನುಸೂಚಿ, ಅಂದರೆ ಪಕ್ಷಾಂತರ ನಿಷೇಧದ ಕಾನೂನು, ವಿಲೀನಕ್ಕೆ ಶಾಸಕರಲ್ಲಿ ಮೂರನೇ ಎರಡು ಭಾಗದ ಒಪ್ಪಿಗೆ ಕೇಳುತ್ತದೆ. ಆರು ಮಂದಿಯ ಪಕ್ಷದಲ್ಲಿ ನಾಲ್ವರು ಹೂಂ ಎಂದರೆ ಸಾಕು. ಹಳ್ಳಿಯಲ್ಲಿ ಬಾವುಟ ಕಟ್ಟಿ, ಬಂಧುಗಳ ನಿಷ್ಠುರ ಕಟ್ಟಿಕೊಂಡು ದುಡಿದ ಕಾರ್ಯಕರ್ತನನ್ನಾಗಲಿ ಮತ ಹಾಕಿದವರನ್ನಾಗಲಿ ಕೇಳಬೇಕೆಂಬ ನಿಯಮ ಅದರಲ್ಲಿಲ್ಲ. ನಾಯಕರು ರಾಜಿಯಾಗುವುದು ಒಂದು ದಿನದ ಕೆಲಸ; ಊರೊಳಗಿನ ಮನಸ್ತಾಪ ಅಷ್ಟು ಬೇಗ ಆರುವುದಿಲ್ಲ. ಆದ್ದರಿಂದ ಹೊಸ ಪಕ್ಷ ಬಾಗಿಲಿಗೆ ಬಂದಾಗ ನಾಯಕ ಯಾರು ಎಂದಷ್ಟೇ ಕೇಳಿದರೆ ಸಾಲದು. ಆ ನಾಯಕ ಎದ್ದು ಹೋದ ಮೇಲೆ ಅಲ್ಲಿ ಉಳಿಯುವುದೇನು ಎಂದೂ ಕೇಳಬೇಕು.