ಕಜಕಿಸ್ತಾನದ ಗೆಳೆಯ, ನಮ್ಮ ಶಾಲೆಯ ವ್ಯಾಕರಣ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನನಗೆ ಭಾಷಣ ಮಾಡಿ ಅಭ್ಯಾಸ ಇಲ್ಲ. "ಸಾಫ್ಟ್‌ವೇರ್ ಇಂಜಿನಿಯರ್ ಆಗಿದ್ದೀಯ, ಮಕ್ಕಳಿಗೆ ಇಂಗ್ಲಿಷ್ ಬಗ್ಗೆ ನಾಲ್ಕು ಮಾತು ಹೇಳಪ್ಪ" ಎಂದು ಮೇಷ್ಟ್ರು ಫೋನ್ ಮಾಡಿದರು. ಆಗಲಿ ಸಾರ್ ಅಂದೆ. ಆದರೆ ಇಂಗ್ಲಿಷ್ ಕಲಿತು ದೊಡ್ಡವನಾದ ಕಥೆ ಹೇಳಲು ನಾನು ಬಂದಿಲ್ಲ. ಒಬ್ಬ ಗೆಳೆಯನಿಗೆ ಇಂಗ್ಲಿಷ್ ಹೇಳಿಕೊಟ್ಟದ್ದು ಹೇಗೆ, ಅದಕ್ಕೆ ಮೊದಲು ನಾನು ಮಾಡಿದ ಒಂದು ತಪ್ಪು ಏನು, ಇವೆರಡನ್ನು ಹೇಳಿ ಮುಗಿಸುತ್ತೇನೆ.

2018ರಲ್ಲಿ ನಮ್ಮ ಬೆಂಗಳೂರಿನ ಕಚೇರಿಗೆ ಕಜಕಿಸ್ತಾನದಿಂದ ಒಬ್ಬ ಇಂಜಿನಿಯರ್ ಬಂದ. ಹೆಸರು ಬೇಡ, ಗೆಳೆಯ ಎಂದೇ ಕರೆಯುತ್ತೇನೆ. ಅವನ ಊರು ಕರಗಂಡ, ಕಲ್ಲಿದ್ದಲು ಗಣಿಗಳ ಊರು. ಮನೆಯಲ್ಲಿ ಕಜಕ್ ಮಾತು, ಶಾಲೆಯಲ್ಲಿ ರಷ್ಯನ್. ಇಂಗ್ಲಿಷ್ ಓದಿದರೆ ತಿಳಿಯುತ್ತಿತ್ತು, ಮಾತಾಡಲು ಬಾಯಿ ಬರುತ್ತಿರಲಿಲ್ಲ. ನಮಗೂ ಚಿನ್ನದ ಗಣಿಯ ಊರು ದೂರವಿಲ್ಲ. ನಮ್ಮ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ನಮ್ಮ ಕಾಲದಲ್ಲಿ ಇಂಗ್ಲಿಷ್ ಎ, ಬಿ, ಸಿ, ಡಿ ಶುರುವಾಗುತ್ತಿದ್ದದ್ದು ಐದನೇ ತರಗತಿಯಲ್ಲಿ. ಅಂದರೆ ಅವನೂ ನಾನೂ ಒಂದೇ ಗಾಡಿಯಲ್ಲಿ ಬಂದವರು. ಅದು ನನಗೆ ಮೊದಲ ದಿನವೇ ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ಅವನು ಬಂದ ಎರಡನೇ ತಿಂಗಳು ಒಂದು ಮೀಟಿಂಗ್ ನಡೆಯಿತು. ಗ್ರಾಹಕರು ಕಳಿಸಿದ ಮಾಹಿತಿಯಲ್ಲಿ ಕೆಲವು ತಾರೀಖುಗಳಲ್ಲಿ ದಿನ ಮೊದಲು, ಇನ್ನು ಕೆಲವದರಲ್ಲಿ ತಿಂಗಳು ಮೊದಲು ಇತ್ತು. ಅದನ್ನು ಕಂಡುಹಿಡಿದವನು ಇವನೊಬ್ಬನೇ. ಎದ್ದು "ಡೇಟಾ ಬ್ಯಾಡ್" ಎಂದು ಹೇಳಲು ಹೋದ. ಆದರೆ ರಷ್ಯನ್ನರ ಬಾಯಲ್ಲಿ ಪದದ ಕೊನೆಯ 'ಡ' 'ಟ' ಆಗುತ್ತದೆ, 'ಗ' 'ಕ' ಆಗುತ್ತದೆ. 'ಆ್ಯ' ಸ್ವರವೂ ಅವರಿಗೆ ಕಷ್ಟ, 'ಎ' ಆಗಿಬಿಡುತ್ತದೆ. ಹಾಗಾಗಿ ನಮಗೆ ಕೇಳಿಸಿದ್ದು "ಡೇಟಾ ಬೆಟ್". ಯಾರೋ "ಎಷ್ಟು ಕಟ್ಟಬೇಕು ಬೆಟ್ಟು?" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವನು ಕೂತುಬಿಟ್ಟ. ಮೂರನೇ ದಿನ ರಾತ್ರಿ ಅದೇ ತಾರೀಖುಗಳಿಂದ ನಮ್ಮ ಪ್ರೋಗ್ರಾಂ ನಿಂತುಹೋಯಿತು. ಬೆಳಗಿನ ಜಾವದವರೆಗೆ ಎಲ್ಲರೂ ಕೂತು ಸರಿ ಮಾಡಿದೆವು. ಅವನೂ ನಮ್ಮ ಜೊತೆ ಕೂತಿದ್ದ, ಒಂದು ಮಾತೂ ಆಡಲಿಲ್ಲ.

ಆ ರಾತ್ರಿ ನನಗೆ ನನ್ನ ಇಂಜಿನಿಯರಿಂಗ್ ಮೊದಲ ವರ್ಷ ನೆನಪಾಯಿತು. ತರಗತಿಯಲ್ಲಿ ಎಲ್ಲರೂ ಪರಿಚಯ ಹೇಳಬೇಕಾಗಿತ್ತು. ನಾನು ಎದ್ದು "ಮೈ ಫಾದರ್ ಫಾರ್ಮರ್" ಅಂದೆ. ನಡುವೆ 'ಈಸ್' ಇರಲಿಲ್ಲ. ಇಡೀ ತರಗತಿ ನಕ್ಕಿತು. ಮುಂದೆ ಎರಡು ವರ್ಷ ನಾನು ಕೊನೆಯ ಬೆಂಚು ಬಿಟ್ಟು ಏಳಲಿಲ್ಲ. ಉತ್ತರ ಗೊತ್ತಿದ್ದರೂ ಕೈ ಎತ್ತಲಿಲ್ಲ. ಮೊದಲ ಸೆಮಿಸ್ಟರಿನಲ್ಲಿ ಎರಡು ವಿಷಯ ಫೇಲಾದೆ. ನಮ್ಮ ಶಾಲೆಯಲ್ಲಿ ಗಣಿತಕ್ಕೆ ಮೊದಲು ಕೈ ಎತ್ತುತ್ತಿದ್ದ ಹುಡುಗ ನಾನು. ಅದೆಲ್ಲ ಅನುಭವಿಸಿ ಬಂದವನು, ಇನ್ನೊಬ್ಬನ ಸರದಿ ಬಂದಾಗ ನಗುವವರ ಜೊತೆ ಸೇರಿಕೊಂಡೆ. ನನ್ನನ್ನು ಕಾಡಿದ್ದು ಇದೇ.

ಅವನ ಕರಾರು ಆರು ತಿಂಗಳದ್ದು. ಇಂಗ್ಲಿಷ್ ಸುಧಾರಿಸದಿದ್ದರೆ ಮುಂದುವರಿಸುವುದಿಲ್ಲ ಎಂಬ ಮಾತು ಕಚೇರಿಯಲ್ಲಿ ಓಡಾಡುತ್ತಿತ್ತು. ಮರುದಿನ ಟೀ ಕುಡಿಯಲು ಕರೆದೆ. "ದಿನಾ ಬೆಳಿಗ್ಗೆ ಅರ್ಧ ಗಂಟೆ ಬೇಗ ಬರೋಣ, ಇಬ್ಬರೂ ಕಲಿಯೋಣ" ಅಂದೆ. ಅವನು ನನ್ನ ಮುಖ ನೋಡಿ ತಲೆಯಾಡಿಸಿದ. ಟೀಗೆ ಅವರೂ 'ಚಾಯ್' ಅನ್ನುತ್ತಾರೆ, ಸಕ್ಕರೆಗೆ 'ಸಾಖರ್'. ಎರಡಕ್ಕೆ 'ದ್ವ', ಮೂರಕ್ಕೆ 'ತ್ರಿ', ಬಾಗಿಲಿಗೆ 'ದ್ವೇರ್'. ಮೊದಲ ದಿನ ಇಂಗ್ಲಿಷಿಗಿಂತ ಹೆಚ್ಚಾಗಿ ಇವುಗಳ ಲೆಕ್ಕವೇ ಆಯಿತು.

ಕಲಿಸಲು ಕೂತ ಮೇಲೆ ಒಂದು ವಿಚಿತ್ರ ಕಂಡಿತು. ಅವನ ತಪ್ಪುಗಳೂ ನನ್ನ ಹಳೆಯ ತಪ್ಪುಗಳೂ ಒಂದೇ. ರಷ್ಯನ್ನಿನಲ್ಲಿ "ಅವನು ಇಂಜಿನಿಯರ್" ಅಂದರೆ ಮುಗಿಯಿತು, ನಡುವೆ 'ಈಸ್' ಬೇಡ. ಕನ್ನಡದಲ್ಲೂ ಬೇಡ. ಅವರ ಭಾಷೆಯಲ್ಲಿ 'ಎ', 'ದಿ' ಇಲ್ಲ. ನಮ್ಮಲ್ಲೂ ಇಲ್ಲ. ಇಂಗ್ಲಿಷಿನಲ್ಲಿ 'ವ' ಎರಡು ಬಗೆ, ಅವರಿಗೂ ನಮಗೂ ಒಂದೇ. ಅಂದರೆ "ಮೈ ಫಾದರ್ ಫಾರ್ಮರ್" ದಡ್ಡತನವಾಗಿರಲಿಲ್ಲ. ಕನ್ನಡದ ವ್ಯಾಕರಣವನ್ನು ನಾನು ಸರಿಯಾಗಿಯೇ ಪಾಲಿಸಿದ್ದೆ, ಪದಗಳು ಮಾತ್ರ ಇಂಗ್ಲಿಷಿನವು. ಇದು ತಿಳಿಯಲು ನನಗೆ ಮೂವತ್ತು ವರ್ಷ ಬೇಕಾಯಿತು. ಮಕ್ಕಳೆ, ನಿಮಗೆ ಇವತ್ತೇ ತಿಳಿದಿರಲಿ.

ಅವನಿಗೆ ಹೇಳಿಕೊಟ್ಟ ಪಾಠವೆಲ್ಲ ಈ ಶಾಲೆಯದ್ದೇ. ನಮ್ಮ ಕನ್ನಡ ಮೇಷ್ಟ್ರು ಇಲ್ಲೇ ಮುಂದಿನ ಸಾಲಿನಲ್ಲಿದ್ದಾರೆ. ವಿಭಕ್ತಿ ಪ್ರತ್ಯಯ ಬಾಯಿಪಾಠ ಮಾಡದೆ ಬಂದರೆ ಅವರು ಒಳಗೆ ಬಿಡುತ್ತಿರಲಿಲ್ಲ. ಉ, ಅನ್ನು, ಇಂದ, ಗೆ ಎಂದು ಹೇಳುತ್ತಾ ನಾವು ಬಾಗಿಲಲ್ಲೇ ನಿಂತಿರುತ್ತಿದ್ದೆವು. ಇದೆಲ್ಲ ಯಾಕೆ ಸಾರ್ ಅಂದುಕೊಳ್ಳುತ್ತಿದ್ದೆ. ರಷ್ಯನ್ನಿನಲ್ಲೂ ಆರು ವಿಭಕ್ತಿಗಳಿವೆ. "ಹಸು ಹುಲ್ಲನ್ನು ತಿಂದಿತು" ಅನ್ನಿ, "ಹುಲ್ಲನ್ನು ಹಸು ತಿಂದಿತು" ಅನ್ನಿ, ಅರ್ಥ ಕೆಡುವುದಿಲ್ಲ, ಯಾಕೆಂದರೆ 'ಅನ್ನು' ಕಾವಲಿದೆ. ಅವನ ಭಾಷೆಯಲ್ಲೂ ಹೀಗೆ ಪದ ಹಿಂದುಮುಂದು ಮಾಡಬಹುದು. ಇಂಗ್ಲಿಷಿನಲ್ಲಿ ಆ ಕಾವಲಿಲ್ಲ. "ಕೌ ಈಟ್ಸ್ ಗ್ರಾಸ್" ತಿರುಗಿಸಿದರೆ ಹುಲ್ಲೇ ಹಸುವನ್ನು ತಿನ್ನುತ್ತದೆ! ಇದನ್ನು ಚಿತ್ರ ಬರೆದು ತೋರಿಸಿದ ದಿನದಿಂದ ಅವನ ವಾಕ್ಯಗಳು ನೆಟ್ಟಗಾದವು.

'ಎ', 'ದಿ' ಕಲಿಸಲು ಅಜ್ಜಿಯ ಕಥೆ ಸಾಕಾಯಿತು. "ಒಂದು ಊರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಮೂವರು ಮಕ್ಕಳು." ಮೊದಲ ಸಲ ಬರುವಾಗ 'ಒಬ್ಬ', ಪರಿಚಯವಾದ ಮೇಲೆ 'ಆ'. ಹೆಚ್ಚುಕಡಿಮೆ ಅದೇ 'ಎ', ಅದೇ 'ದಿ'.

ಇನ್ನು 'ಬ್ಯಾಡ್'. ಅದಕ್ಕೆ ನಮ್ಮ ವರ್ಣಮಾಲೆ ನೆರವಾಯಿತು. ಕ-ಗ, ಟ-ಡ, ಪ-ಬ ಎಂದು ಜೋಡಿ ಮಾಡಿ, ಗಂಟಲ ಮೇಲೆ ಬೆರಳಿಟ್ಟು ಹೇಳಿಸಿದೆ. ಗ, ಡ, ಬ ಅನ್ನುವಾಗ ಬೆರಳಿಗೆ ನಡುಕ ಸಿಗುತ್ತದೆ. ನೀವೂ ಈಗ ಮಾಡಿ ನೋಡಿ. ಪದದ ಕೊನೆಯಲ್ಲಿ ಆ ನಡುಕ ಉಳಿಯಲೆಂದು ನಮ್ಮೂರ ಪದ್ಧತಿ ಹೇಳಿಕೊಟ್ಟೆ. ನಾವು ಕಾರು, ಬಸ್ಸು, ರೋಡು ಅನ್ನುತ್ತೇವಲ್ಲ, ಹಾಗೆ 'ಬ್ಯಾಡು' ಅನ್ನು, ಆಮೇಲೆ ಮೆಲ್ಲಗೆ ಆ 'ಉ'ವನ್ನು ನುಂಗು ಅಂದೆ. ಎರಡು ವಾರದಲ್ಲಿ ಬಂತು. ಕಾಲೇಜಿನಲ್ಲಿ ನನ್ನ ಯಾವ ಉಚ್ಚಾರಕ್ಕೆ ನಕ್ಕಿದ್ದರೋ ಅದೇ ಇಲ್ಲಿ ಔಷಧಿಯಾಯಿತು.

ನಾವು ಮೂರು ಕಟ್ಟಳೆ ಹಾಕಿಕೊಂಡಿದ್ದೆವು. ದಿನಕ್ಕೆ ಒಂದೇ ತಪ್ಪು ತಿದ್ದುವುದು, ಹತ್ತು ತಿದ್ದಿದರೆ ಬಾಯಿ ಮುಚ್ಚಿಹೋಗುತ್ತದೆ. ಅವತ್ತಿನ ಕೆಲಸಕ್ಕೆ ಬೇಕಾದ ಐದು ವಾಕ್ಯ ನೋಟ್‌ಬುಕ್ಕಿನಲ್ಲಿ ಬರೆದು, ಅವತ್ತೇ ಬಳಸುವುದು. ತಿಳಿಯದಿದ್ದರೆ "ಇನ್ನೊಮ್ಮೆ ಹೇಳಿ" ಎಂದು ಎಲ್ಲರ ಮುಂದೆ ಕೇಳುವುದು. ಮೂರನೆಯದು ಅವನಿಗಿಂತ ನನಗೆ ಕಷ್ಟವಾಯಿತು. ಎಂಟು ವರ್ಷ ಕೆಲಸ ಮಾಡಿಯೂ ನಾನು ಮೀಟಿಂಗುಗಳಲ್ಲಿ ತಿಳಿಯದ್ದಕ್ಕೆಲ್ಲ ತಲೆಯಾಡಿಸುತ್ತಿದ್ದೆ. ಅವನು ಕೈ ಎತ್ತಿ ಕೇಳಲು ಶುರು ಮಾಡಿದ ಮೇಲೆ ನನಗೂ ಧೈರ್ಯ ಬಂತು.

ಐದನೇ ತಿಂಗಳು ಅವನು ಇಪ್ಪತ್ತು ನಿಮಿಷ ನಿಂತು ತನ್ನ ಕೆಲಸ ವಿವರಿಸಿದ. ಎಷ್ಟೋ 'ದಿ' ಬಿಟ್ಟ. ಯಾರೂ ನಗಲಿಲ್ಲ, ಪ್ರಶ್ನೆ ಕೇಳಿದರು. ಕರಾರು ಮುಂದುವರಿಯಿತು. ಒಂದೂವರೆ ವರ್ಷ ನಮ್ಮ ಜೊತೆ ಇದ್ದು ಹೋದ. ಈಗಲೂ ಮಾತಾಡುತ್ತೇವೆ, ಈಗಲೂ 'ದಿ' ಬಿಡುತ್ತಾನೆ.

ಊರಿಗೆ ಹೋಗುವ ಮುಂಚೆ ಅವನನ್ನು ನಮ್ಮ ಮನೆಗೆ ಕರೆತಂದಿದ್ದೆ. ದಾರಿಯಲ್ಲಿ ಮುಳಬಾಗಿಲು ದೋಸೆ ತಿನ್ನುವಾಗ, ಅವತ್ತು ನಾನೂ ನಕ್ಕಿದ್ದೆ ಎಂದು ಹೇಳಿದೆ. "ಗೊತ್ತು. ನಗುವಾಗ ನಿನ್ನನ್ನೇ ನೋಡುತ್ತಿದ್ದೆ. ನೀನು ನಗುವುದಿಲ್ಲ ಅಂದುಕೊಂಡಿದ್ದೆ" ಅಂದ. ನನಗೆ ದೋಸೆ ಇಳಿಯಲಿಲ್ಲ. ಅವನೇ ಚಟ್ನಿ ಮುಂದಕ್ಕೆ ತಳ್ಳಿದ. ಮನೆಯಲ್ಲಿ ಅಮ್ಮ ಮುದ್ದೆ, ಅವರೆಕಾಳು ಸಾರು ಬಡಿಸಿ "ತಿನು ನಾಯನಾ" ಅಂದರು. ಯಾರೂ ಅನುವಾದ ಮಾಡಲಿಲ್ಲ, ಅವನು ತಿಂದ.

ಭಾಷೆ ದಾಟುವುದು ನಮ್ಮ ಜಿಲ್ಲೆಗೆ ಹೊಸದಲ್ಲ. ಮಾಲೂರಿನ ಮಾಸ್ತಿ ವೆಂಕಟೇಶ ಅಯ್ಯಂಗಾರರ ಮನೆಮಾತು ತಮಿಳು, 1983ರ ಜ್ಞಾನಪೀಠ ಬಂದದ್ದು ಕನ್ನಡದ ಬರಹಕ್ಕೆ. 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಡಿವಿಜಿಯವರು ಕಾಲೇಜು ಮೆಟ್ಟಿಲು ಹತ್ತದೆಯೇ ಇಂಗ್ಲಿಷ್ ಪತ್ರಿಕೆ ನಡೆಸಿದರು. ನಮ್ಮ ಶಾಲೆ ಶುರುವಾದ ದಶಕದಲ್ಲೇ, ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಯು.ಆರ್. ರಾವ್ ಅವರ ತಂಡ ಕಟ್ಟಿದ ಆರ್ಯಭಟ ಉಪಗ್ರಹವನ್ನು 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಮೇಲಕ್ಕೆ ಒಯ್ದಿತು. ಎರಡು ದೇಶದ ಇಂಜಿನಿಯರುಗಳು ಪರಸ್ಪರರ ಮಾತಿಗೆ ನಗುತ್ತಾ ಕೂತಿದ್ದರೆ ಅದು ನೆಲ ಬಿಡುತ್ತಿರಲಿಲ್ಲ. ಇವತ್ತು ಕರ್ನಾಟಕದ ಮಕ್ಕಳು ವೈದ್ಯಕೀಯ ಓದಲು ರಷ್ಯಾ, ಕಜಕಿಸ್ತಾನಗಳಿಗೆ ಹೋಗುತ್ತಾರೆ. ಪಾಠ ಇಂಗ್ಲಿಷಿನಲ್ಲಿದ್ದರೂ ಅಲ್ಲಿನ ರೋಗಿ "ಎಲ್ಲಿ ನೋವು" ಎಂಬುದನ್ನು ತನ್ನ ಭಾಷೆಯಲ್ಲೇ ಹೇಳುತ್ತಾನೆ. ಅಲ್ಲಿ ತೊದಲುವ ಸರದಿ ನಮ್ಮ ಮಕ್ಕಳದ್ದು.

ನಮ್ಮಪ್ಪನನ್ನು ನೆನೆದು ಮುಗಿಸುತ್ತೇನೆ. ಟೊಮೆಟೊ ಹಾಕಿಕೊಂಡು ವಡ್ಡಹಳ್ಳಿ ಮಂಡಿಗೆ ಹೋದರೆ, ಹೊರರಾಜ್ಯದ ವ್ಯಾಪಾರಿಗಳ ಜೊತೆ ಅಪ್ಪ ಹಿಂದಿ ಮಾತಾಡುತ್ತಿದ್ದರು. ಅದರಲ್ಲಿ ಮುಕ್ಕಾಲು ತೆಲುಗು. 15 ಕೆ.ಜಿ. ಬಾಕ್ಸಿಗೆ ಎಷ್ಟು ಬೇಕೋ ಅಷ್ಟು ಕೇಳಿ ತೆಗೆದುಕೊಂಡೇ ಬರುತ್ತಿದ್ದರು. ಅಪ್ಪನಿಗೆ ಎಂದೂ ನಾಚಿಕೆ ಆಗಲಿಲ್ಲ. ಆ ಧೈರ್ಯ ಮನೆಯಲ್ಲೇ ಇತ್ತು, ನಾನು ಅದನ್ನು ಕಾಲೇಜಿಗೆ ಒಯ್ಯಲಿಲ್ಲ.

ಮುಂದಿನ ತಿಂಗಳಿಂದ ಪ್ರತಿ ಎರಡನೇ ಶನಿವಾರ ಬೆಳಿಗ್ಗೆ ನಾನು ಶಾಲೆಗೆ ಬರುತ್ತೇನೆ. ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಒಂಬತ್ತು, ಹತ್ತನೇ ತರಗತಿಯ ಮಕ್ಕಳು ಬನ್ನಿ, ಒಂದು ಗಂಟೆ ಇಂಗ್ಲಿಷ್ ಮಾತಾಡೋಣ. ಗೆಳೆಯನೂ ಆಗಾಗ ವಿಡಿಯೋದಲ್ಲಿ ಬರುತ್ತೇನೆಂದಿದ್ದಾನೆ. ನನ್ನ ಬ್ಯಾಚಿನವರು ಯಾರಾದರೂ ಜೊತೆಯಾದರೆ ಸಂತೋಷ. ಅಲ್ಲೂ ಅದೇ ಕಟ್ಟಳೆ: ದಿನಕ್ಕೆ ಒಂದು ತಪ್ಪು ತಿದ್ದುತ್ತೇವೆ, ಯಾರೂ ನಗುವುದಿಲ್ಲ.

ಮೇಷ್ಟ್ರೆ, ವಿಭಕ್ತಿ ಪ್ರತ್ಯಯ ಇನ್ನೂ ಮರೆತಿಲ್ಲ.